ಉಪ್ಪು ಮುತ್ತು



'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಇವತ್ತು ನಾನು ಹೇಳಹೊರಟಿರುವ ಕಾಯಿಲೆಯ ಕಥೆಯಲ್ಲಿ ಆ ಉಪ್ಪೂ ಇದೆ, ಆ ತಾಯಿಯೂ ಇದ್ದಾಳೆ. ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಹೆಸರು ನಾಲಿಗೆಗೆ ತೊಡಕು, ಕಿವಿಗೆ ಹೊಸದು. ಅದಕ್ಕೇ ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಒಬ್ಬ ತಾಯಿಯಿಂದ ಮಾತು ಶುರುಮಾಡುತ್ತೇನೆ.

ಬಹಳ ವರ್ಷಗಳ ಹಿಂದೆ ರಾಯಚೂರು ಸೀಮೆಯ ಒಂದು ಆಸ್ಪತ್ರೆಯಲ್ಲಿ ನಾನು ಮಕ್ಕಳ ವೈದ್ಯನಾಗಿದ್ದೆ. ಏಪ್ರಿಲ್ ತಿಂಗಳು, ಹೊರಗೆ ಕಾಲಿಡಲಾಗದ ಬಿಸಿಲು. ಎಂಟು ತಿಂಗಳ ಗಂಡುಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಬ್ಬ ತಾಯಿ ಬಂದರು. ಕೂಸಿಗೆ ಎರಡು ತಿಂಗಳಿಂದ ಬಿಡದ ಕೆಮ್ಮು. ಮೊಲೆಹಾಲು ಚೆನ್ನಾಗಿ ಕುಡಿಯುತ್ತದೆ, ಮೆತ್ತಗೆ ಕಲಸಿದ ಅನ್ನವನ್ನೂ ಉಣ್ಣುತ್ತದೆ, ಆದರೂ ಮೈ ಹಿಡಿಯುತ್ತಿಲ್ಲ. ಎಲ್ಲ ಹೇಳಿ ಮುಗಿಸಿ, ಎದ್ದು ಹೊರಡುವಾಗ ಆಕೆ ಒಂದು ಮಾತು ಸೇರಿಸಿದರು.

"ಡಾಕ್ಟ್ರ, ಈ ಕೂಸಿನ ಹಣಿಗಿ ಮುದ್ದು ಕೊಟ್ರ ತುಟಿಗೆಲ್ಲ ಉಪ್ಪು ಹತ್ತತದ್ರಿ."

"ಬ್ಯಾಸಗಿ ಅದವ್ವ, ಬೆವರು ಉಪ್ಪೇ ಇರತದ" ಎಂದೆ. ಕೆಮ್ಮಿಗೆ ಔಷಧ ಬರೆದುಕೊಟ್ಟೆ. ಸಾಲಿನಲ್ಲಿ ಇನ್ನೂ ನಲವತ್ತು ಮಕ್ಕಳು ಕಾಯುತ್ತಿದ್ದವು.

ಎರಡು ವಾರದ ಮೇಲೆ ಅದೇ ತಾಯಿ ಅದೇ ಕೂಸನ್ನು ಎತ್ತಿಕೊಂಡು ಓಡಿಬಂದರು. ಕೂಸು ಬಾಡಿದ ಸೊಪ್ಪಿನ ಹಾಗೆ ತೋಳಮೇಲೆ ಜೋತುಬಿದ್ದಿತ್ತು. ಕಣ್ಣು ಗುಳಿಬಿದ್ದಿತ್ತು, ಬಾಯಿ ಒಣಗಿತ್ತು. ವಾಂತಿಯಾಗಿತ್ತೇ ಎಂದು ಕೇಳಿದೆ, ಇಲ್ಲ. ಭೇದಿ? ಅದೂ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಉಪ್ಪಿನ ಅಂಶಗಳಾದ ಸೋಡಿಯಂ, ಕ್ಲೋರೈಡ್ ಎರಡೂ ಪಾತಾಳಕ್ಕಿಳಿದಿದ್ದವು. ನರಕ್ಕೆ ಸಲೈನ್ ಹಾಕಿದೆವು. ನಡುರಾತ್ರಿಯ ಹೊತ್ತಿಗೆ ಕೂಸು ಕಣ್ಣು ಬಿಟ್ಟು ಅತ್ತಿತು. ನನಗೆ ಮಾತ್ರ ಸಮಾಧಾನವಿಲ್ಲ. ವಾಂತಿಯಿಲ್ಲದೆ, ಭೇದಿಯಿಲ್ಲದೆ ಇಷ್ಟೊಂದು ಉಪ್ಪು ಮೈಯಿಂದ ಹೋದದ್ದಾದರೂ ಎಲ್ಲಿಂದ?

ಉತ್ತರವನ್ನು ಆ ತಾಯಿ ಎರಡು ವಾರ ಮೊದಲೇ ನನಗೆ ಕೊಟ್ಟಿದ್ದರು. ಅದು ನನ್ನ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ.

ನಮ್ಮಲ್ಲಿ ಬೆವರು ಪರೀಕ್ಷೆಯ ಸೌಲಭ್ಯ ಇರಲಿಲ್ಲ. ದೂರದ ಊರಿನ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಲ್ಲಿಂದ ಬಂದ ಕಾಗದದಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎಂದು ಬರೆದಿತ್ತು. ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಇದು ಬಿಳಿಯರ ಕಾಯಿಲೆ, ನಮ್ಮಲ್ಲಿ ಬರುವುದಿಲ್ಲ ಎಂದು ನಾನು ಮರೆತುಬಿಟ್ಟಿದ್ದ ಹೆಸರು.

ಕೇಳುಗರೇ, ಹಣೆಯ ಉಪ್ಪನ್ನು ಗುರುತಿಸಿದ ತಾಯಂದಿರಲ್ಲಿ ನಮ್ಮ ರಾಯಚೂರಿನ ತಾಯಿ ಮೊದಲನೆಯವರಲ್ಲ. ಯೂರೋಪಿನ ಹಳೆಯ ಜನಪದರಲ್ಲಿ ಒಂದು ನಂಬಿಕೆಯಿತ್ತು. ಮುತ್ತಿಟ್ಟಾಗ ಹಣೆ ಉಪ್ಪಾಗಿರುವ ಮಗುವಿಗೆ ಮಾಟ ತಟ್ಟಿದೆ, ಅದು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಮಾಟ ಎಂಬುದು ಸುಳ್ಳು. ಉಪ್ಪು ಮಾತ್ರ ನಿಜ, ಮಗು ಉಳಿಯುತ್ತಿರಲಿಲ್ಲ ಎಂಬುದೂ ನಿಜ. ಕಾರಣ ತಿಳಿಯದೆ ನೂರಾರು ವರ್ಷ ಜನ ಆ ಉಪ್ಪನ್ನು ಶಾಪವೆಂದುಕೊಂಡರು.

ಕಾಯಿಲೆಗೆ ಒಂದು ರೂಪ ಕೊಟ್ಟವರು ಡೊರೊಥಿ ಆಂಡರ್ಸನ್ ಎಂಬ ಅಮೆರಿಕದ ವೈದ್ಯೆ. ಹೆಣ್ಣು ಎಂಬ ಕಾರಣಕ್ಕೆ ಶಸ್ತ್ರಚಿಕಿತ್ಸೆಯ ತರಬೇತಿಯ ಬಾಗಿಲು ಅವರಿಗೆ ತೆರೆಯಲಿಲ್ಲ. ಹಾಗಾಗಿ ಸತ್ತವರ ಅಂಗಾಂಗಗಳನ್ನು ಪರೀಕ್ಷಿಸುವ ರೋಗಶಾಸ್ತ್ರಕ್ಕೆ ಬಂದರು. ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯಲ್ಲಿ ಒಂದು ಮಗುವಿನ ಶವಪರೀಕ್ಷೆ ಮಾಡುವಾಗ ಅವರ ಕೈ ತಡೆಯಿತು. ಗೋಧಿಯ ಅಂಶ ಒಗ್ಗದ ಸೀಲಿಯಾಕ್ ಎಂಬ ಕಾಯಿಲೆಯಿಂದ ಮಗು ಸತ್ತಿದೆ ಎಂದು ದಾಖಲೆ ಹೇಳುತ್ತಿತ್ತು. ಒಳಗಿನ ಮೇದೋಜೀರಕ ಗ್ರಂಥಿ ಬೇರೆಯೇ ಹೇಳುತ್ತಿತ್ತು. ಮೆತ್ತಗೆ ಇರಬೇಕಾದ ಗ್ರಂಥಿ ನಾರುಗಟ್ಟಿತ್ತು, ಅದರ ತುಂಬ ಗುಳ್ಳೆಗಳಿದ್ದವು. ಆಂಡರ್ಸನ್ ಹಳೆಯ ದಾಖಲೆಗಳನ್ನೆಲ್ಲ ಹುಡುಕಿ ಇಂಥ 49 ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿ 1938ರಲ್ಲಿ ಪ್ರಕಟಿಸಿದರು. ಸಿಸ್ಟ್ ಎಂದರೆ ಗುಳ್ಳೆ, ಫೈಬ್ರೋಸಿಸ್ ಎಂದರೆ ನಾರುಗಟ್ಟುವುದು. ಹೆಸರು ಬಂದದ್ದು ಹೀಗೆ.

ಉಪ್ಪಿನ ಸುಳಿವು ಸಿಕ್ಕಿದ್ದು ಇನ್ನೂ ಹತ್ತು ವರ್ಷಗಳ ನಂತರ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರ ಬೆಂದುಹೋಯಿತು. ಸೆಖೆಗೆ ಸೋತು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ಕಾಯಿಲೆಯ ಮಕ್ಕಳು ಲೆಕ್ಕಕ್ಕೆ ಮೀರಿ ಇದ್ದರು. ಪಾಲ್ ಡಿ ಸಾಂಟ್ಆಗ್ನೀಸ್ ಎಂಬ ವೈದ್ಯರು ಇದನ್ನು ಕಾಕತಾಳೀಯ ಎಂದು ಬಿಡಲಿಲ್ಲ. ಅವರೂ ಅವರ ಸಂಗಡಿಗರೂ ಈ ಮಕ್ಕಳ ಬೆವರನ್ನು ಅಳೆದು, ಅದರಲ್ಲಿ ಉಪ್ಪು ವಿಪರೀತವಾಗಿದೆ ಎಂದು 1953ರಲ್ಲಿ ತೋರಿಸಿಕೊಟ್ಟರು. 1959ರಲ್ಲಿ ಗಿಬ್ಸನ್ ಮತ್ತು ಕುಕ್ ಎಂಬಿಬ್ಬರು ನೋವಿಲ್ಲದೆ ಬೆವರು ತೆಗೆಯುವ ವಿಧಾನ ಕಂಡುಹಿಡಿದರು. ಇಂದಿಗೂ ಈ ಕಾಯಿಲೆಯನ್ನು ಖಚಿತಪಡಿಸುವುದು ಆ ಪರೀಕ್ಷೆಯೇ. ಮಗುವಿನ ಮುಂಗೈ ಮೇಲೆ ಪೈಲೋಕಾರ್ಪಿನ್ ಎಂಬ ಔಷಧ ಹಚ್ಚಿ, ಬಹಳ ಸಣ್ಣ ವಿದ್ಯುತ್ತು ಹರಿಸಿ, ಅಷ್ಟು ಜಾಗ ಮಾತ್ರ ಬೆವರುವಂತೆ ಮಾಡುತ್ತಾರೆ. ಅರ್ಧ ಗಂಟೆಯ ಬೆವರನ್ನು ಹಿಡಿದು ಕ್ಲೋರೈಡ್ ಎಷ್ಟಿದೆ ಎಂದು ನೋಡುತ್ತಾರೆ. ಲೀಟರಿಗೆ 30 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಕಾಯಿಲೆ ಇರುವ ಸಂಭವ ತೀರ ಕಡಿಮೆ. 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಇದೆ ಎಂದೇ ಅರ್ಥ. ನಡುವೆ ಬಂದರೆ ಮತ್ತಷ್ಟು ಪರೀಕ್ಷೆ ಬೇಕು. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ. ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿಕೊಂಡೇ ಮಾಡಬಹುದು.

ಒಂದೇ ಕಾಯಿಲೆ ಬೆವರನ್ನು ಉಪ್ಪಾಗಿಸಿ, ಮೇದೋಜೀರಕವನ್ನು ಕೆಡಿಸಿ, ಶ್ವಾಸಕೋಶದಲ್ಲಿ ಕಫವನ್ನೂ ತುಂಬುವುದು ಹೇಗೆ? ಇದನ್ನು ತಿಳಿಯಲು ನಮ್ಮ ಕಡೆಯ ಕಾಲುವೆಯನ್ನೇ ನೋಡೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ನಾನು ತೂಬಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. ತೂಬು ತೆರೆದರೆ ನೀರು ಹರಿದು ಹೂಳು ಕೊಚ್ಚಿಹೋಗುತ್ತದೆ. ತೂಬು ಕಟ್ಟಿದರೆ ಕಾಲುವೆ ಬತ್ತಿ ಹೂಳು ಗಟ್ಟಿಯಾಗುತ್ತದೆ. ನಮ್ಮ ಮೈಯ ಅನೇಕ ಅಂಗಗಳ ಒಳಗೋಡೆಯಲ್ಲಿ ಬರಿಗಣ್ಣಿಗೆ ಕಾಣದ ಇಂಥ ತೂಬುಗಳಿವೆ. ಅವು ಪ್ರೋಟೀನಿನಿಂದ ಆದವು. ಉಪ್ಪಿನ ಒಂದು ಭಾಗವಾದ ಕ್ಲೋರೈಡನ್ನೂ, ಅದರ ಜೊತೆಗೆ ಕ್ಷಾರ ಗುಣದ ಬೈಕಾರ್ಬೋನೇಟನ್ನೂ ಅವು ಒಳಗೆ ಹೊರಗೆ ಬಿಡುತ್ತವೆ. ಉಪ್ಪು ಹೋದ ಕಡೆಗೆ ನೀರು ಹೋಗುತ್ತದೆ. ಈ ತೂಬಿಗೆ ವಿಜ್ಞಾನಿಗಳು ಇಟ್ಟಿರುವ ಚಿಕ್ಕ ಹೆಸರು ಸಿಎಫ್‌ಟಿಆರ್.

ಬೆವರಿನ ಗ್ರಂಥಿಯಲ್ಲಿ ಈ ತೂಬಿನ ಕೆಲಸ ಉಪ್ಪನ್ನು ಉಳಿಸುವುದು. ಗ್ರಂಥಿಯ ತಳದಲ್ಲಿ ಹುಟ್ಟುವ ಬೆವರು ರಕ್ತದಷ್ಟೇ ಉಪ್ಪಾಗಿರುತ್ತದೆ. ಅದು ಸಣ್ಣ ನಾಳದಲ್ಲಿ ಚರ್ಮದ ಕಡೆಗೆ ಏರುವಾಗ ತೂಬು ತೆರೆದು ಉಪ್ಪನ್ನು ಮೈಯೊಳಕ್ಕೆ ವಾಪಸು ಎಳೆದುಕೊಳ್ಳುತ್ತದೆ. ತೂಬು ಕೆಟ್ಟರೆ ಉಪ್ಪೆಲ್ಲ ಬೆವರಿನ ಜೊತೆ ಹೊರಗೆ ಹೋಗುತ್ತದೆ. ತಾಯಿಯ ತುಟಿಗೆ ಹತ್ತಿದ್ದು ಈ ಉಪ್ಪು. ಈ ನಾಳಗಳ ಗೋಡೆ ಕ್ಲೋರೈಡನ್ನು ಒಳಗೆ ಬಿಡುತ್ತಿಲ್ಲ ಎಂದು 1983ರಲ್ಲಿ ತೋರಿಸಿದವರು ಪಾಲ್ ಕ್ವಿಂಟನ್. ಅವರು ವಿಜ್ಞಾನಿಯೂ ಹೌದು, ಈ ಕಾಯಿಲೆಯನ್ನು ಹುಟ್ಟಿನಿಂದ ಹೊತ್ತು ಬಂದವರೂ ಹೌದು. ತನ್ನ ಮೈಯ ಗುಟ್ಟನ್ನು ತಾನೇ ಹುಡುಕಿ ಜಗತ್ತಿಗೆ ಕೊಟ್ಟ ಮನುಷ್ಯ ಅವರು.

ಶ್ವಾಸಕೋಶದಲ್ಲಿ ಅದೇ ತೂಬು ಎದುರು ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಉಪ್ಪನ್ನು ಹೊರಕ್ಕೆ ಬಿಟ್ಟು ಶ್ವಾಸನಾಳದ ಒಳಮೈಯನ್ನು ತೇವವಾಗಿಡುತ್ತದೆ. ಆ ತೆಳ್ಳನೆಯ ನೀರಿನಲ್ಲಿ, ನಾಟಿ ಮಾಡಿದ ಗದ್ದೆಯ ಸಸಿಗಳಂತೆ, ಕೋಟ್ಯಂತರ ಸೂಕ್ಷ್ಮ ರೋಮಗಳು ನಿಂತಿರುತ್ತವೆ. ಅವು ಒಂದೇ ದಿಕ್ಕಿಗೆ ಬಡಿಯುತ್ತ ದೂಳನ್ನು, ರೋಗಾಣುವನ್ನು, ಲೋಳೆಯನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ. ನಮಗೆ ಗೊತ್ತೇ ಆಗದಂತೆ ಈ ಕಸಗುಡಿಸುವ ಕೆಲಸ ಹಗಲೂ ಇರುಳೂ ನಡೆಯುತ್ತದೆ. ತೂಬು ಮುಚ್ಚಿಕೊಂಡ ಮಗುವಿನಲ್ಲಿ ಗದ್ದೆ ಬತ್ತುತ್ತದೆ. ರೋಮಗಳು ಅಂಟು ಲೋಳೆಯ ಅಡಿಯಲ್ಲಿ ಮಲಗಿಬಿಡುತ್ತವೆ. ನಿಂತ ಲೋಳೆಯಲ್ಲಿ ರೋಗಾಣುಗಳು ಮನೆ ಮಾಡುತ್ತವೆ. ಮೊದಲು ಸ್ಟೆಫೈಲೋಕಾಕಸ್ ಬರುತ್ತದೆ, ಆಮೇಲೆ ಸೂಡೊಮೋನಾಸ್ ಎಂಬ ಹಠಮಾರಿ ಸೇರಿಕೊಳ್ಳುತ್ತದೆ. ಅವುಗಳ ಜೊತೆ ಕಾದಾಡಲು ಬಂದ ಬಿಳಿ ರಕ್ತಕಣಗಳು ಅಲ್ಲೇ ಸಾಯುತ್ತವೆ. ಸತ್ತ ಕಣಗಳಿಂದ ಹೊರಬಿದ್ದ ಡಿಎನ್‌ಎ ಎಳೆಗಳು ಕಫವನ್ನು ಇನ್ನಷ್ಟು ಅಂಟಾಗಿಸುತ್ತವೆ. ಹೀಗೆ ವರ್ಷಗಟ್ಟಲೆ ಸೋಂಕು, ಊತ, ಗಾಯ ಸುತ್ತುತ್ತ ಶ್ವಾಸನಾಳಗಳು ಹಿಗ್ಗಿ ಜೋಲುಬೀಳುತ್ತವೆ. ಈ ಕಾಯಿಲೆಯವರ ಜೀವ ಹೆಚ್ಚಾಗಿ ಹೋಗುವುದು ಇಲ್ಲಿಂದಲೇ.

ಮೇದೋಜೀರಕ ಗ್ರಂಥಿಯಲ್ಲಿ ಲೋಳೆ ಗಟ್ಟಿಯಾಗಿ ನಾಳಗಳು ಕಟ್ಟಿಕೊಳ್ಳುತ್ತವೆ. ಜೀರ್ಣರಸ ಕರುಳಿಗೆ ಇಳಿಯುವುದಿಲ್ಲ. ಒಳಗೇ ಸಿಕ್ಕಿಬಿದ್ದ ರಸ ಗ್ರಂಥಿಯನ್ನೇ ತಿನ್ನುತ್ತದೆ. ಈ ಕಾಯಿಲೆಯ 100 ಮಂದಿಯಲ್ಲಿ ಸುಮಾರು 85 ಮಂದಿಗೆ ಹೀಗಾಗುತ್ತದೆ. ಆಮೇಲೆ ತುಪ್ಪ, ಎಣ್ಣೆ, ಬೇಳೆ ಏನು ತಿಂದರೂ ಮೈಗೆ ಹತ್ತುವುದಿಲ್ಲ. ಮಲ ಜಿಡ್ಡುಜಿಡ್ಡಾಗಿ, ವಿಪರೀತ ನಾತ ಹೊಡೆಯುತ್ತ, ತೊಳೆದರೂ ಹೋಗದಂತೆ ಅಂಟಿಕೊಳ್ಳುತ್ತದೆ. ಮಗು ಬಕಾಸುರನ ಹಾಗೆ ಉಣ್ಣುತ್ತದೆ, ಆದರೂ ಪಕ್ಕೆಲುಬು ಎಣಿಸಬಹುದು. ಕೊಬ್ಬಿನ ಜೊತೆ ಒಳಗೆ ಹೋಗಬೇಕಾದ ಎ, ಡಿ, ಇ, ಕೆ ಜೀವಸತ್ವಗಳೂ ಸೋರಿಹೋಗುತ್ತವೆ. ದೊಡ್ಡವರಾದ ಮೇಲೆ ಹಲವರಿಗೆ ಇದೇ ಗ್ರಂಥಿಯ ಹಾನಿಯಿಂದ ಸಕ್ಕರೆ ಕಾಯಿಲೆಯೂ ಬರುತ್ತದೆ.

ಕೆಲವು ಕೂಸುಗಳಲ್ಲಿ ಕಾಯಿಲೆ ಹುಟ್ಟಿದ ದಿನವೇ ಮುಖ ತೋರಿಸುತ್ತದೆ. ಮೊದಲ ಒಂದೆರಡು ದಿನದಲ್ಲಿ ಹೋಗಬೇಕಾದ ಕಪ್ಪು ಮಲ ಅಂಟಿನಂತೆ ಗಟ್ಟಿಯಾಗಿ ಕರುಳನ್ನೇ ಮುಚ್ಚಿಬಿಡುತ್ತದೆ. ಹೊಟ್ಟೆ ಉಬ್ಬಿ ಹಸಿರು ವಾಂತಿಯಾಗುತ್ತದೆ. ಅಂಥ ಕೂಸಿಗೆ ತುರ್ತು ಚಿಕಿತ್ಸೆ ಬೇಕು. ಯಕೃತ್ತಿನಲ್ಲಿ ಪಿತ್ತನಾಳಗಳು ಕಟ್ಟಿಕೊಳ್ಳಬಹುದು. ಗಂಡಸರಲ್ಲಿ ಬಹುತೇಕ ಎಲ್ಲರಿಗೂ ವೀರ್ಯಾಣುವನ್ನು ಸಾಗಿಸುವ ನಾಳ ಬೆಳೆದಿರುವುದೇ ಇಲ್ಲ. ವೀರ್ಯಾಣು ಹುಟ್ಟುತ್ತದೆ, ದಾರಿ ಮಾತ್ರ ಇಲ್ಲ. ವೈದ್ಯರ ನೆರವಿನಿಂದ ಅವರೂ ತಂದೆಯಾಗಬಹುದು. ಇದನ್ನು ಹೇಳಲು ನಾಚಬಾರದು, ಏಕೆಂದರೆ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಸೊಸೆಯನ್ನೇ ಬಂಜೆ ಎಂದು ಕರೆದಿರುತ್ತಾರೆ.

ಇಷ್ಟೆಲ್ಲಕ್ಕೂ ಮೂಲ ಒಂದು ವಂಶವಾಹಿಯ ತಪ್ಪು. 1989ರಲ್ಲಿ ಕೆನಡಾದ ಟೊರಾಂಟೋದಲ್ಲಿ ಲ್ಯಾಪ್-ಚೀ ಸುಯಿ ಮತ್ತು ಜಾಕ್ ರಿಯೋರ್ಡನ್, ಅಮೆರಿಕದ ಮಿಶಿಗನ್ನಿನಲ್ಲಿ ಫ್ರಾನ್ಸಿಸ್ ಕಾಲಿನ್ಸ್, ಇವರ ತಂಡಗಳು ಕೂಡಿ ಆ ವಂಶವಾಹಿಯನ್ನು ಏಳನೆಯ ವರ್ಣತಂತುವಿನ ಮೇಲೆ ಗುರುತಿಸಿದವು. ಸಿಎಫ್‌ಟಿಆರ್ ಪ್ರೋಟೀನು 1,480 ಮಣಿಗಳ ಒಂದು ಸರ ಎಂದುಕೊಳ್ಳಿ. ಯೂರೋಪ್, ಅಮೆರಿಕಗಳ ಬಹುಪಾಲು ರೋಗಿಗಳಲ್ಲಿ 508ನೆಯ ಒಂದೇ ಒಂದು ಮಣಿ ಇರುವುದಿಲ್ಲ. ಅಷ್ಟಕ್ಕೇ ಸರ ಸರಿಯಾಗಿ ಮಡಚಿಕೊಳ್ಳದೆ, ಜೀವಕೋಶವೇ ಅದನ್ನು ಕೆಟ್ಟ ಮಾಲು ಎಂದು ಒಡೆದುಹಾಕುತ್ತದೆ. ತೂಬು ಕಾಲುವೆಗೆ ಬರುವುದೇ ಇಲ್ಲ. ಈಗ ಇಂಥ 2,000ಕ್ಕೂ ಹೆಚ್ಚು ಬಗೆಯ ಬದಲಾವಣೆಗಳು ಗೊತ್ತಾಗಿವೆ. ಕೆಲವರಲ್ಲಿ ತೂಬು ತಯಾರೇ ಆಗುವುದಿಲ್ಲ. ಕೆಲವರಲ್ಲಿ ತಯಾರಾದರೂ ಜಾಗಕ್ಕೆ ಬರುವುದಿಲ್ಲ. ಇನ್ನು ಕೆಲವರಲ್ಲಿ ಜಾಗದಲ್ಲಿದ್ದರೂ ತೆರೆಯುವುದಿಲ್ಲ.

ಇಲ್ಲಿ ಮನೆಮಂದಿಗೆ ಒಂದು ಮಾತು ಹೇಳಲೇಬೇಕು. ಆ ತಾಯಿಯ ಜೊತೆ ಬಂದಿದ್ದ ಅತ್ತೆ, "ಇವಳ ಹಾಲೇ ಕೂಸಿಗೆ ಆಗಿಬಂದಿಲ್ಲ" ಎಂದು ನನ್ನೆದುರೇ ಹೇಳಿದ್ದರು. ಹಾಗಲ್ಲ. ಪ್ರತಿಯೊಬ್ಬರಲ್ಲೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟಿದ್ದು ಇನ್ನೊಂದು ಸರಿಯಿದ್ದರೆ ಆ ಮನುಷ್ಯನಿಗೆ ಕಾಯಿಲೆ ಇಲ್ಲ, ಅವನು ವಾಹಕ ಮಾತ್ರ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಕಾಯಿಲೆಯ ಮಗುವಿಗೆ ತಂದೆಯ ಪಾಲೂ ತಾಯಿಯ ಪಾಲೂ ಸರಿಸಮ ಬಂದಿರುತ್ತದೆ. ಇಬ್ಬರೂ ಅದನ್ನು ಬೇಕೆಂದು ಕೊಟ್ಟವರಲ್ಲ. ಇದರಲ್ಲಿ ತಾಯಿಯ ಹಾಲಿನ ದೋಷವಿಲ್ಲ, ಗ್ರಹದ ದೋಷವಿಲ್ಲ, ಯಾರ ಕಣ್ಣೂ ಬಿದ್ದಿಲ್ಲ.

ನಮ್ಮ ಕಡೆ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ಬಲವಾಗಿದೆ. ಆ ಸಂಬಂಧಗಳ ಹಿಂದಿರುವ ಪ್ರೀತಿ, ನಂಬಿಕೆ ನನಗೆ ಗೊತ್ತು. ಆದರೆ ಲೆಕ್ಕವನ್ನು ಹೇಳದೆ ಇರಲಾರೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳ ನಾಲ್ಕರಲ್ಲೊಂದು ಪಾಲು ಸಮಾನ. ಸೋದರತ್ತೆ, ಸೋದರಮಾವನ ಮಕ್ಕಳ ನಡುವೆ ಎಂಟರಲ್ಲೊಂದು ಪಾಲು. ಅಜ್ಜನಲ್ಲಿ ಅಡಗಿದ್ದ ಒಂದು ತಪ್ಪು ಪ್ರತಿ ಎರಡು ಕಡೆಯಿಂದಲೂ ಇಳಿದುಬಂದು ಒಂದೇ ಮಗುವಿನಲ್ಲಿ ಕೂಡುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚು. ಕುಟುಂಬದಲ್ಲಿ ಮಕ್ಕಳು ಕಾರಣ ತಿಳಿಯದೆ ತೀರಿಕೊಂಡಿದ್ದರೆ, ಮದುವೆಗೆ ಮೊದಲು, ಇಲ್ಲವೇ ಮುಂದಿನ ಬಸಿರಿಗೆ ಮೊದಲು, ವಂಶವಾಹಿ ತಜ್ಞರನ್ನು ಕಾಣಿ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಇದೇ ಕೆಲಸ ಮಾಡುತ್ತದೆ.

ಭಾರತದಲ್ಲಿ ಈ ಕಾಯಿಲೆ ಇಲ್ಲವೆಂದು ವೈದ್ಯರು ಬಹುಕಾಲ ನಂಬಿದ್ದರು. ಉತ್ತರ ಯೂರೋಪಿನ ಮೂಲದವರಲ್ಲಿ ಹುಟ್ಟುವ ಸುಮಾರು 2,500ರಿಂದ 3,500 ಮಕ್ಕಳಲ್ಲಿ ಒಂದಕ್ಕೆ ಇದು ಇರುತ್ತದೆ. ನಮ್ಮಲ್ಲಿ ಅದಕ್ಕಿಂತ ವಿರಳ. ವಿರಳ ಎಂದರೆ ಇಲ್ಲ ಎಂದಲ್ಲ. 1968ರಲ್ಲೇ ನಮ್ಮ ದೇಶದ ಮಕ್ಕಳಲ್ಲಿ ಇದನ್ನು ಗುರುತಿಸಿ ಬರೆದವರಿದ್ದಾರೆ. ದೆಹಲಿಯ ಏಮ್ಸ್, ಚಂಡೀಗಢದ ಪಿಜಿಐ, ವೆಲ್ಲೂರಿನ ಸಿಎಂಸಿ ಇಂಥ ಮಕ್ಕಳನ್ನು ವರ್ಷಗಳಿಂದ ನೋಡಿಕೊಳ್ಳುತ್ತಿವೆ. ನಮ್ಮ ಹಳ್ಳಿಗಳಲ್ಲಿ ಮಾತ್ರ ಈ ಮಕ್ಕಳು ಬೇರೆ ಹೆಸರಿನಲ್ಲಿ ಕಳೆದುಹೋಗುತ್ತಾರೆ. ಕೆಮ್ಮು ಬಿಡದಿದ್ದರೆ ಕ್ಷಯ ಎನ್ನುತ್ತೇವೆ. ಸೊರಗಿದರೆ ಅಪೌಷ್ಟಿಕತೆ ಎನ್ನುತ್ತೇವೆ. ಬೇಸಿಗೆಯಲ್ಲಿ ಸೋತು ಬಿದ್ದರೆ ಬಿಸಿಲು ತಾಗಿದೆ ಎನ್ನುತ್ತೇವೆ. ಅನೇಕ ದೇಶಗಳಲ್ಲಿ ಹುಟ್ಟಿದ ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಈ ಕಾಯಿಲೆಯನ್ನು ಹುಡುಕುತ್ತಾರೆ. ನಮ್ಮಲ್ಲಿ ಎಲ್ಲ ಕೂಸುಗಳಿಗೂ ಆ ವ್ಯವಸ್ಥೆ ಇಲ್ಲ. ಆದ್ದರಿಂದ ಮನೆಯವರ ಕಣ್ಣೇ ಮೊದಲ ಪರೀಕ್ಷೆ.

ಯಾವಾಗ ಅನುಮಾನಿಸಬೇಕು? ಮತ್ತೆ ಮತ್ತೆ ನ್ಯುಮೋನಿಯಾ ಬರುವ ಮಗು, ಚೆನ್ನಾಗಿ ಉಂಡರೂ ತೂಕ ಏರದ ಮಗು, ಜಿಡ್ಡಿನ ನಾತದ ಮಲ ಹೋಗುವ ಮಗು, ಹುಟ್ಟಿದ ಕೂಡಲೇ ಕರುಳು ಕಟ್ಟಿದ್ದ ಮಗು, ಭೇದಿ ವಾಂತಿ ಇಲ್ಲದೆಯೂ ಬೇಸಿಗೆಯಲ್ಲಿ ನಿತ್ರಾಣವಾಗುವ ಮಗು, ಒಣಗಿದ ಬೆವರು ಹಣೆಯ ಮೇಲೆ ಬಿಳಿ ಪುಡಿಯಾಗಿ ಉಳಿಯುವ ಮಗು, ಬೆರಳ ತುದಿಗಳು ಡೋಲಿನ ಕೋಲಿನಂತೆ ಉಬ್ಬಿದ ಮಗು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ, ಬೆವರು ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ನೀವೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕಾಯಿಲೆ ಇದೆ ಎಂದು ಗೊತ್ತಾದರೆ ಕೈಚೆಲ್ಲಿ ಕೂರಬೇಕಾಗಿಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲೂ ಇಂಥ ಮಗು ಶಾಲೆಗೆ ಹೋಗುವ ವಯಸ್ಸು ಮುಟ್ಟುವುದೇ ದೊಡ್ಡದಾಗಿತ್ತು. ಇಂದು ಅಲ್ಲಿನ ರೋಗಿಗಳು ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ನಡುವಯಸ್ಸು ದಾಟುತ್ತಿದ್ದಾರೆ. ಈ ಬದಲಾವಣೆಯ ಬಹುಪಾಲು ಬಂದದ್ದು ದಿನನಿತ್ಯದ ಸಣ್ಣ ಕೆಲಸಗಳಿಂದ. ಬೆಳಿಗ್ಗೆ ಸಂಜೆ ಬೆನ್ನು, ಪಕ್ಕೆ ತಟ್ಟಿ ಕಫ ಹೊರಗೆ ತೆಗೆಯಬೇಕು. ಫಿಸಿಯೋಥೆರಪಿಯವರು ಕಲಿಸಿಕೊಟ್ಟರೆ ತಾಯಿ ತಂದೆ ಮನೆಯಲ್ಲೇ ಮಾಡಬಹುದು. ಊಟದ ಜೊತೆ ಜೀರ್ಣರಸದ ಕ್ಯಾಪ್ಸೂಲ್ ಕೊಡಬೇಕು. ಆಗ ತಿಂದ ತುಪ್ಪ ಮೈಗೆ ಹತ್ತುತ್ತದೆ. ಈ ಮಕ್ಕಳಿಗೆ ತುಪ್ಪ, ಬೆಣ್ಣೆ, ಮೊಟ್ಟೆ, ಶೇಂಗಾ ಧಾರಾಳವಾಗಿ ಬೇಕು. ಬಿಸಿಲುಕಾಲದಲ್ಲಿ ವೈದ್ಯರು ಹೇಳಿದಷ್ಟು ಹೆಚ್ಚಿನ ಉಪ್ಪು ಬೇಕು. ಸೋಂಕು ತಲೆಯೆತ್ತಿದ ಕೂಡಲೇ ಆಂಟಿಬಯಾಟಿಕ್ ಬೇಕು. ಕಫದಲ್ಲಿನ ಡಿಎನ್‌ಎ ಎಳೆಗಳನ್ನು ಕತ್ತರಿಸುವ ಔಷಧವನ್ನೂ ಉಸಿರಿನ ಮೂಲಕ ಕೊಡಬಹುದು.

ಉಪ್ಪೇ ಒಂದು ಔಷಧವಾದ ಕಥೆಯೂ ಇದೆ. ಆಸ್ಟ್ರೇಲಿಯಾದಲ್ಲಿ ಕಡಲ ಅಲೆಗಳ ಮೇಲೆ ಹಲಗೆ ಹಿಡಿದು ಜಾರುವ ಆಟವಾಡುತ್ತಿದ್ದ ರೋಗಿಗಳು ಉಳಿದವರಿಗಿಂತ ಹಗುರವಾಗಿ ಉಸಿರಾಡುವುದನ್ನು ಅಲ್ಲಿನ ವೈದ್ಯರು ಗಮನಿಸಿದರು. ಉಸಿರಿನೊಡನೆ ಒಳಗೆ ಹೋದ ಉಪ್ಪುನೀರಿನ ತುಂತುರು ಶ್ವಾಸನಾಳದೊಳಕ್ಕೆ ನೀರನ್ನು ಎಳೆಯುತ್ತಿತ್ತು. ಇಂದು ಗಟ್ಟಿ ಉಪ್ಪುನೀರನ್ನು ನೆಬ್ಯುಲೈಜರಿನಲ್ಲಿ ಕೊಡುವುದು ರೂಢಿಯ ಚಿಕಿತ್ಸೆ. ಇದೇನೂ ದುಬಾರಿಯಲ್ಲ.

ಈ ಕಾಯಿಲೆಯ ಒಂದು ನಿಯಮ ಮಾತ್ರ ಮನಸ್ಸನ್ನು ಕಲಕುತ್ತದೆ. ಇದೇ ಕಾಯಿಲೆಯ ಇಬ್ಬರು ಮಕ್ಕಳು ಒಬ್ಬರ ಪಕ್ಕ ಒಬ್ಬರು ಕೂರಬಾರದು, ಆರಡಿ ದೂರವಿರಬೇಕು. ಒಬ್ಬರ ಶ್ವಾಸಕೋಶದ ರೋಗಾಣು ಇನ್ನೊಬ್ಬರಿಗೆ ಅಪಾಯ ತರಬಹುದು. ತನ್ನ ನೋವು ಚೆನ್ನಾಗಿ ಅರ್ಥವಾಗುವ ಗೆಳೆಯನನ್ನೇ ಮಗು ತಬ್ಬಿಕೊಳ್ಳುವಂತಿಲ್ಲ. ಉಳಿದವರಿಗೆ ಈ ಕಾಯಿಲೆ ಅಂಟುವುದಿಲ್ಲ. ಶಾಲೆಯಲ್ಲಿ ಇಂಥ ಮಗು ಕೆಮ್ಮಿದರೆ ದೂರ ಕೂರಿಸಬೇಡಿ. ತನ್ನಂಥವರ ಸ್ನೇಹ ಅದಕ್ಕೆ ಸಿಗುವುದಿಲ್ಲ, ನಮ್ಮ ಮಕ್ಕಳ ಸ್ನೇಹವಾದರೂ ಸಿಗಲಿ.

ಈಗ ಹೊಸ ಔಷಧಗಳ ಮಾತು. ಕೆಟ್ಟ ತೂಬನ್ನೇ ರಿಪೇರಿ ಮಾಡುವ ಮಾತ್ರೆಗಳು ಬಂದಿವೆ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಐವಾಕ್ಯಾಫ್ಟರ್, ಜಾಗದಲ್ಲಿದ್ದೂ ತೆರೆಯದ ತೂಬನ್ನು ತೆರೆಸುತ್ತದೆ. 2019ರಲ್ಲಿ ಮೂರು ಔಷಧಗಳು ಸೇರಿದ ಮಾತ್ರೆ ಬಂತು. ಅದರಲ್ಲಿ ಎರಡು ಔಷಧ ಮಡಿಕೆ ಕೆಟ್ಟ ಪ್ರೋಟೀನನ್ನು ಸರಿಪಡಿಸಿ ಜಾಗಕ್ಕೆ ತಲುಪಿಸುತ್ತವೆ, ಮೂರನೆಯದು ತೆರೆಸುತ್ತದೆ. 508ನೆಯ ಮಣಿ ಕಳೆದುಕೊಂಡವರಿಗೆ ಇದು ಮರುಹುಟ್ಟು. ಶ್ವಾಸಕೋಶ ಕಸಿಗೆ ಕಾಯುತ್ತಿದ್ದವರು ಆ ಸಾಲಿನಿಂದ ಹೊರಬಂದಿದ್ದಾರೆ. ಬೆವರಿನ ಉಪ್ಪೂ ಇಳಿಯುತ್ತದೆ.

ಆದರೆ ಅಮೆರಿಕದಲ್ಲಿ ಈ ಮೂರೌಷಧದ ಬೆಲೆ ವರ್ಷಕ್ಕೆ 3 ಲಕ್ಷ ಡಾಲರಿಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ 2 ಕೋಟಿ ರೂಪಾಯಿ ಮೀರುತ್ತದೆ. ಅದೂ ಬದುಕಿರುವಷ್ಟು ವರ್ಷ. ಅರ್ಜೆಂಟೀನಾದ ಕಂಪನಿಯೊಂದು ಇದನ್ನೇ ಕಡಿಮೆ ಬೆಲೆಗೆ ತಯಾರಿಸುತ್ತದೆ. ಜಗತ್ತಿನ ಅನೇಕ ದೇಶಗಳಿಗೆ ಅಗ್ಗದ ಔಷಧ ಮಾಡಿಕೊಡುವ ನಮ್ಮ ದೇಶದಲ್ಲಿ ಈ ಮಕ್ಕಳ ತಂದೆತಾಯಿಗಳು ಅದಕ್ಕಾಗಿ ದನಿಯೆತ್ತುತ್ತಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದೆ. ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿಯವರೆಗೆ ನೆರವಿಗೆ ಅವಕಾಶವಿದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ, ಅಂಥ ಒಂದು ಕೇಂದ್ರ. ನಮ್ಮ ಮಕ್ಕಳಲ್ಲಿ 508ನೆಯ ಮಣಿಯ ತಪ್ಪು ಯೂರೋಪಿನಷ್ಟು ಹೆಚ್ಚಿಲ್ಲ, ಬೇರೆ ತಪ್ಪುಗಳೂ ಇವೆ. ಆದ್ದರಿಂದ ಯಾವ ಮಗುವಿಗೆ ಯಾವ ಮಾತ್ರೆ ಎಂದು ತಿಳಿಯಲು ವಂಶವಾಹಿ ಪರೀಕ್ಷೆಯೂ ಬೇಕು.

ಆ ರಾಯಚೂರಿನ ಕೂಸು ಉಳಿಯಿತು. ಹೊಸ ಮಾತ್ರೆ ಅವನಿಗೆ ಸಿಗಲಿಲ್ಲ. ಸಿಕ್ಕಿದ್ದು ತಾಯಿಯ ಎರಡು ಕೈ. ಬೆಳಗಿನ ಜಾವ ಹೊಲಕ್ಕೆ ಹೋಗುವ ಮೊದಲೊಮ್ಮೆ, ಸಂಜೆ ಬಂದ ಮೇಲೊಮ್ಮೆ, ಒಂದು ದಿನವೂ ತಪ್ಪದೆ ಆಕೆ ಅವನ ಬೆನ್ನು ತಟ್ಟಿದರು. ಅವನು ಶಾಲೆಗೆ ಹೋಗುವಾಗ ಚೀಲದಲ್ಲಿ ಪಾಟಿಯ ಪಕ್ಕ ಉಪ್ಪು ಸಕ್ಕರೆ ಬೆರೆಸಿದ ನೀರಿನ ಬಾಟಲಿ ಇರುತ್ತಿತ್ತು. ಹತ್ತನೆಯ ತರಗತಿ ಪಾಸಾದ ದಿನ ಪೇಡೆ ತಂದು ಕೊಟ್ಟ. ಕೆಮ್ಮು ಇತ್ತು, ಮುಖದಲ್ಲಿ ಕಳೆಯೂ ಇತ್ತು.

ಅಂದಿನಿಂದ ನನ್ನಲ್ಲಿ ಒಂದು ಅಭ್ಯಾಸ ಉಳಿದಿದೆ. ಕೆಮ್ಮು ಬಿಡದ, ಮೈ ಹಿಡಿಯದ ಯಾವ ಕೂಸು ಬಂದರೂ, ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲು ತಾಯಿಯನ್ನು ಕೇಳುತ್ತೇನೆ: "ಅವ್ವ, ಕೂಸಿಗೆ ಮುದ್ದು ಕೊಟ್ರ ತುಟಿಗಿ ಉಪ್ಪು ಹತ್ತತದೇನು?" ಹೆಚ್ಚಿನ ತಾಯಂದಿರು ಇದೇನು ಪ್ರಶ್ನೆ ಎಂದು ಸೆರಗು ಬಾಯಿಗೆ ಒತ್ತಿ ನಗುತ್ತಾರೆ. ಆ ನಗು ನನಗೆ ನೆಮ್ಮದಿ. ಎಂದಾದರೊಮ್ಮೆ ಒಬ್ಬ ತಾಯಿ ನಗುವುದಿಲ್ಲ, ಕೂಸಿನ ಹಣೆಯನ್ನೇ ನೋಡುತ್ತ ಸುಮ್ಮನಾಗುತ್ತಾರೆ. ಆಗ ನಾನು ಪೆನ್ನು ಕೆಳಗಿಟ್ಟು, ಸಾಲಿನಲ್ಲಿ ಎಷ್ಟೇ ಜನ ಕಾಯುತ್ತಿರಲಿ, ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, "ಹೇಳವ್ವ" ಎನ್ನುತ್ತೇನೆ.